ಮನೆಯ ಎರಡನೆಯ ಬಿ.ಎಡ್.

ನಾನು ಬಿ.ಎಡ್. ಓದುತ್ತೇನೆ ಎಂದಾಗ ಅಜ್ಜಂಪುರದ ನಮ್ಮ ಮನೆಯಲ್ಲಿ ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು, ಎದುರು ಮಾತಾಡಬಹುದಿತ್ತು. ಅವ್ವ ರೊಟ್ಟಿ ತಟ್ಟುತ್ತಲೇ, ಒಂದು ಬಿ.ಎಡ್. ಆಗಲೇ ಇದೆಯಲ್ಲ, ಅದನ್ನೇ ಇನ್ನೂ ಯಾರೂ ಕೇಳಿಲ್ಲ ಎಂದಳು. ಆ ಒಂದು ಬಿ.ಎಡ್. ಎಂದರೆ ನನ್ನ ಅಕ್ಕ.

ಅಕ್ಕ ಬಿ.ಎಡ್. ಮುಗಿಸಿ ಆಗ ಹನ್ನೊಂದು ವರ್ಷವಾಗಿತ್ತು. ತರೀಕೆರೆಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಒಂದೂವರೆ ವರ್ಷ ಪಾಠ ಮಾಡಿದ್ದಳು. ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿತು. ಆಮೇಲೆ ಎಲ್ಲಿಂದಲೂ ಕರೆ ಬರಲಿಲ್ಲ. ನಮ್ಮೂರಿನಲ್ಲೇ ಮದುವೆಯಾದಳು. ಭಾವ ವೈರಿಂಗ್ ಕೆಲಸ ಮಾಡುತ್ತಾರೆ, ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಓದಿದ್ದರ ಬಗ್ಗೆ ಯಾರಾದರೂ ಕೇಳಿದರೆ, ಅದೆಲ್ಲ ಆಗಿಹೋದ ಮಾತು ಎಂದು ಕತ್ತರಿಯತ್ತ ಬಗ್ಗುತ್ತಿದ್ದಳು.

ಆಗ ನಾನು ಕಡೂರಿನ ಒಂದು ಕಚೇರಿಯಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಅರ್ಜಿ ಹಿಡಿದು ಬಂದವರಿಗೆ ಯಾವ ಕಾಲಮಿನಲ್ಲಿ ಏನು ಬರೆಯಬೇಕು, ಯಾಕೆ ಬರೆಯಬೇಕು ಎಂದು ಹೇಳಿಕೊಡುವುದೆಂದರೆ ನನಗೆ ಬಲು ಇಷ್ಟ. ಸಾಲು ಬೆಳೆಯುತ್ತಿತ್ತು. ಒಂದು ದಿನ ಮೇಲಿನವರು ಬಂದು, "ನೀನು ಟೈಪ್ ಮಾಡಮ್ಮ, ಪಾಠ ಮಾಡ್ಬೇಡ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನದು ಮೊದಲಿಂದಲೂ ಮೂಗಿನ ತುದಿಯ ಕೋಪ. ಪಾಠವನ್ನೇ ಮಾಡುತ್ತೇನೆ ನೋಡಿ ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಕೆಲಸ ಬಿಟ್ಟು ಕಡೂರಿನಲ್ಲೇ ಬಿ.ಎಡ್. ಸೇರಿದಾಗ ನನಗೆ ಮೂವತ್ತೊಂದು. ಆ ಕುರ್ಚಿಗೆ ವಾರದೊಳಗೆ ಬೇರೆಯವರು ಬಂದು ಕೂತರು. ಇನ್ನು ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ಅಕ್ಕನಂತೆ ನನ್ನ ಓದೂ ಮೂಲೆಗೆ ಬಿದ್ದರೆ ಎಂಬ ಹೆದರಿಕೆ ಮಾತ್ರ ದಿನವೂ ನನ್ನ ಜೊತೆಯಲ್ಲೇ ಬೀರೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬರುತ್ತಿತ್ತು.

ರೈಲಿನಲ್ಲಿ ಬಿ.ಎಡ್. ಓದುವವರು ನಾಲ್ಕೈದು ಜನ ಒಟ್ಟಿಗೆ ಕೂರುತ್ತಿದ್ದೆವು. ನಮ್ಮ ಮಾತೆಲ್ಲ ಯಾವ ಊರಿನ ಮೇಷ್ಟ್ರು ಯಾವಾಗ ನಿವೃತ್ತರಾಗುತ್ತಾರೆ ಎಂಬುದರ ಸುತ್ತಲೇ. ಲಿಂಗದಹಳ್ಳಿ ಕಡೆ ಒಬ್ಬರು, ಬೀರೂರಿನಲ್ಲಿ ಇಬ್ಬರು ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆವು. ತಲೆ ನರೆತ ಮೇಷ್ಟ್ರು ಯಾರಾದರೂ ಎದುರಿಗೆ ಸಿಕ್ಕರೆ ನಮಸ್ಕಾರ ಮಾಡಿ, ಆರೋಗ್ಯ ಹೇಗಿದೆ ಸಾರ್ ಎಂದು ವಿಚಾರಿಸುತ್ತಿದ್ದೆವು. ಅವರಿಗೂ ನಮ್ಮ ಕಾಳಜಿಯ ಬೆಲೆ ಗೊತ್ತಿತ್ತು. ಒಬ್ಬರಂತೂ ನಗುತ್ತಾ, ಇನ್ನೂ ಮೂರು ವರ್ಷ ಇದ್ದೀನಮ್ಮ, ಅವಸರ ಮಾಡ್ಬೇಡಿ ಎಂದಿದ್ದರು. ನಾಚಿಕೆಯಾಯಿತು, ಆದರೆ ಮೂರು ವರ್ಷ ಎಂಬುದನ್ನು ನೆನಪಿಟ್ಟುಕೊಂಡೆ.

ಎರಡನೆಯ ವರ್ಷ ಶಾಲೆಗಳಿಗೆ ಹೋಗಿ ಪಾಠ ಮಾಡಬೇಕಿತ್ತು. ನನಗೆ ತರೀಕೆರೆಯ ಒಂದು ಶಾಲೆ, ಎಂಟನೆಯ ತರಗತಿ, ಸಮಾಜ ವಿಜ್ಞಾನ. ಕೊನೆಯಲ್ಲಿ ಹೊರಗಿನ ಪರೀಕ್ಷಕರ ಎದುರಿಗೆ ಮಾಡುವ ಪಾಠಕ್ಕೆ ಅಕ್ಷಾಂಶಗಳನ್ನು ಆರಿಸಿಕೊಂಡೆ. ದೊಡ್ಡ ಹಾಳೆಯಲ್ಲಿ ಬಣ್ಣ ತುಂಬಿದ ಭೂಮಿಯ ಚಿತ್ರ ಮಾಡಿ ಅಕ್ಕನ ಮನೆಗೆ ಹೋದೆ. ಅವಳನ್ನೇ ವಿದ್ಯಾರ್ಥಿಯಾಗಿ ಕೂರಿಸಿ ಪಾಠ ಶುರು ಮಾಡಿದೆ. ಅಕ್ಕ ಗುಂಡಿ ಹೊಲಿಯುತ್ತಾ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, "ಹಾಳೆ ಚಪ್ಪಟೆ, ಭೂಮಿ ದುಂಡಗೆ. ಹುಡುಗರು ಯಾವ್ದು ನಂಬ್ಬೇಕು?" ಎಂದಳು.

ನನಗೆ ರೇಗಿತು. ಮೂರು ಸಂಜೆ ಕೂತು ಬಣ್ಣ ಹಚ್ಚಿದ್ದೆ. ಅಕ್ಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಒಳಗಿನಿಂದ ಹಿತ್ತಾಳೆ ಬಿಂದಿಗೆ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದಳು. ಕೊರಳಿನಲ್ಲಿದ್ದ ಅಳತೆ ಟೇಪು ತೆಗೆದು ಮೊದಲು ಬಿಂದಿಗೆಯ ಹೊಟ್ಟೆ ಅಳೆದಳು, ಆಮೇಲೆ ಅದಕ್ಕಿಂತ ಮೇಲಿನ ಗೆರೆ, ಅದಕ್ಕಿಂತ ಮೇಲಿನದು. ಮೇಲೆ ಹೋದಷ್ಟೂ ಟೇಪಿನ ಸುತ್ತು ಚಿಕ್ಕದಾಗುತ್ತಾ ಹೋಯಿತು. ಹೇಳಲಿಲ್ಲ, ಬರಿ ಕೇಳುತ್ತಾ ಹೋದಳು. ಇಲ್ಲಿ ಎಷ್ಟಿರಬಹುದು, ಯಾಕೆ ಕಡಿಮೆಯಾಯಿತು, ತುತ್ತತುದಿಯಲ್ಲಿ ಏನು ಉಳಿಯುತ್ತದೆ? ಅವಳ ಬೆನ್ನು ನೆಟ್ಟಗಾಗಿತ್ತು, ದನಿ ಬದಲಾಗಿತ್ತು. ಉತ್ತರ ಗೊತ್ತಿದ್ದೂ ನಾನು ಹುಡುಗಿಯಂತೆ ಬಾಯಿಬಿಟ್ಟು ನೋಡುತ್ತಿದ್ದೆ. ಅಷ್ಟರಲ್ಲಿ ಯಾರೋ ರವಿಕೆ ಕೇಳಿಕೊಂಡು ಬಂದರು. ಅಕ್ಕ ಬಿಂದಿಗೆ ಒರೆಸಿ ಒಳಗಿಟ್ಟಳು.

ಆ ಪಾಠವನ್ನು ಹಾಗೇ ಎತ್ತಿಕೊಂಡೆ. ಜೊತೆಗೆ ನಮ್ಮವರೆಲ್ಲ ಮಾಡುವ ಕೆಲಸವನ್ನೂ ಮಾಡಿದೆ. ಪರೀಕ್ಷಕರು ಬರುವ ಹಿಂದಿನ ದಿನ ಅದೇ ಮಕ್ಕಳಿಗೆ ಅದೇ ಪಾಠವನ್ನು ಒಮ್ಮೆ ಮಾಡಿ, ಯಾವ ಪ್ರಶ್ನೆಗೆ ಯಾರು ಎದ್ದು ನಿಲ್ಲಬೇಕೆಂದು ಹಂಚಿಬಿಡುವುದು ನಮ್ಮಲ್ಲಿ ರೂಢಿ. ಮಾರನೆಯ ದಿನ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಬಿಂದಿಗೆ ಬೋರಲು ಹಾಕಿ ಟೇಪು ತೆಗೆದೆ, ಇನ್ನೂ ಬಾಯಿ ತೆರೆದಿರಲಿಲ್ಲ, ಮುಂದಿನ ಸಾಲಿನವನು ಎದ್ದು "ಸಮಭಾಜಕ ವೃತ್ತ ಮಿಸ್" ಎಂದುಬಿಟ್ಟ. ಅವನ ಹಿಂದಿನವಳು ತನ್ನ ಸರದಿ ತಪ್ಪಿಹೋದೀತೆಂದು ಎರಡನೆಯ ಉತ್ತರವನ್ನೂ ಒಪ್ಪಿಸಿದಳು. ನಾನು ಟೇಪು ಹಿಡಿದುಕೊಂಡೇ ಹಿಂದಿನ ಬೆಂಚಿನತ್ತ ನೋಡಿದೆ. ಪರೀಕ್ಷಕರು ನಗಲೂ ಇಲ್ಲ, ಗದರಲೂ ಇಲ್ಲ. ಎದ್ದು ಬಂದು, ಆ ಪಾತ್ರೆಯ ಗೆರೆಗಳ ನಡುವೆ ನಮ್ಮ ಕರ್ನಾಟಕ ಎಲ್ಲಿ ಬರಬಹುದು ತೋರಿಸಿ ಎಂದರು. ಅದು ಯಾರಿಗೂ ಹಂಚದ ಪ್ರಶ್ನೆ. ಮಕ್ಕಳು ಬಿಂದಿಗೆ ಮುತ್ತಿಕೊಂಡರು, ತಮ್ಮ ತಮ್ಮಲ್ಲೇ ವಾದ ಮಾಡಿದರು, ಕೊನೆಗೆ ಒಬ್ಬ ಹುಡುಗಿ ಹೊಟ್ಟೆಯ ಗೆರೆಗಿಂತ ಸ್ವಲ್ಪ ಮೇಲೆ ಬೆರಳಿಟ್ಟಳು. ಪರೀಕ್ಷಕರಿಗೆ ಖುಷಿಯಾಯಿತು. ಹೋಗುವಾಗ ನನ್ನನ್ನು ಕರೆದು, ಬಿಂದಿಗೆ ಉಪಾಯ ಯಾರದಮ್ಮ ಎಂದು ಕೇಳಿದರು.

ನನ್ನದೇ ಸಾರ್ ಎಂದೆ.

ಒಳ್ಳೆಯ ಅಂಕ ಬಂತು. ಅಕ್ಕ ಸಕ್ಕರೆ ಹೆಚ್ಚಾಗಿ ಹಾಕಿ ಕಾಫಿ ಮಾಡಿಕೊಟ್ಟಳು. ಪರೀಕ್ಷಕರಿಗೆ ಏನು ಹೇಳಿದೆನೆಂದು ಬಾಯಿಬಿಡದೆ ಅದನ್ನು ಕುಡಿದು ಬಂದೆ.

ಮುಂದಿನ ಜೂನ್‌ನಲ್ಲಿ ಅಂತರಘಟ್ಟೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕರು ಬೇಕೆಂಬ ಸುದ್ದಿ ಬಂತು. ಒಂದೇ ಹುದ್ದೆ, ಅದೂ ಮಾರ್ಚ್ ತನಕ ಮಾತ್ರ. ಪದವಿ ಮತ್ತು ಬಿ.ಎಡ್. ಅಂಕ ನೋಡಿ ಆರಿಸುತ್ತಾರೆ. ಅದಕ್ಕೇ ನಾನು ಎರಡು ವರ್ಷ ಕಾದಿದ್ದೆ. ನನ್ನ ಅರ್ಜಿ ತುಂಬಿದ ಮೇಲೆ ಆ ಸುಳ್ಳು ಹೇಳಿದ ಬಾಯಿಗೆ ಸಮಾಧಾನವಾಗಲೆಂದು ಅಕ್ಕನ ಹೆಸರಿನಲ್ಲೂ ಒಂದು ತುಂಬಿದೆ. ಸಹಿ ಹಾಕು ಎಂದರೆ, ಸುಮ್ಮನೆ ಕಾಗದ ದಂಡ ಎನ್ನುತ್ತಲೇ ಹಾಕಿದಳು. ಅವಳ ಅಂಕಪಟ್ಟಿಯನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ನನ್ನದು ಕೆಲಸ ಮಾಡುತ್ತಾ ಅಂಚೆಯಲ್ಲಿ ಓದಿದ ಬಿ.ಎ. ಅವಳ ಅಂಕ ನನ್ನದಕ್ಕಿಂತ ಸಾಕಷ್ಟು ಮೇಲಿತ್ತು.

ಎರಡು ದಿನ ಅವಳ ಅರ್ಜಿ ನನ್ನ ಚೀಲದಲ್ಲೇ ಉಳಿಯಿತು. ಕೊನೆಯ ದಿನ ತರೀಕೆರೆಯ ಶಿಕ್ಷಣ ಕಚೇರಿಗೆ ಹೋಗಿ ಎರಡನ್ನೂ ಕೊಟ್ಟುಬಂದೆ. ದೊಡ್ಡ ಮನಸ್ಸಿನಿಂದ ಕೊಟ್ಟೆನೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಹೆಸರು ಬಂದರೂ ಅಕ್ಕ ಹೋಗುವವಳಲ್ಲ, ನನಗೇ ಬಿಟ್ಟುಕೊಡುತ್ತಾಳೆ ಎಂಬ ಲೆಕ್ಕಾಚಾರ ಒಳಗಿತ್ತು.

ಪಟ್ಟಿಯಲ್ಲಿ ಅಕ್ಕನದು ಮೊದಲ ಹೆಸರು, ನನ್ನದು ಎರಡನೆಯದು. ಹೋಗಿ ಹೇಳಿದಾಗ ಅವಳು ಮಿಷನ್ ನಿಲ್ಲಿಸಿದಳು. ದಾರ ಕತ್ತರಿಸಿ ಬಟ್ಟೆ ಕೈಗೆತ್ತಿಕೊಂಡಳು.

"ನೀನೇ ಹೋಗು ಕಣೇ. ನಾನು ಬರಲ್ಲ ಅಂತ ಬರ್ಕೊಟ್ರೆ ನಿಂಗೇ ಬತ್ತದಲ್ಲ."

ನಾನು ಎಣಿಸಿದ್ದ ಮಾತನ್ನೇ ಆಡಿದಳು. ನಾನು ಹೂಂ ಎನ್ನುವುದಷ್ಟೇ ಬಾಕಿ. ಎರಡು ವರ್ಷದ ಓಡಾಟ ಕಣ್ಣ ಮುಂದೆ ಬಂತು, ಹೂಂ ಎನ್ನಲು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಅಕ್ಕ ಬಟ್ಟೆ ಮಡಿಸುತ್ತಾ, ನನ್ನನ್ನು ನೋಡದೆ ಕೇಳಿದಳು. "ಈಗಿನ ಹುಡುಗ್ರು ಹೆಂಗಿರ್ತಾರೆ? ಮಾತು ಕೇಳ್ತಾರಾ?"

ಬೇಡವಾದವರು ಕೇಳುವ ಪ್ರಶ್ನೆ ಅದಲ್ಲ. ಇಷ್ಟು ವರ್ಷ ಅವಳು ಆಗಿಹೋದ ಮಾತು ಎಂದಿದ್ದನ್ನು ನಾವೆಲ್ಲ ನಂಬಿದ್ದೆವು, ನಂಬಿದರೆ ನಮಗೂ ಹಗುರವಾಗಿತ್ತು.

"ಕೇಳ್ತಾರೆ," ಎಂದೆ. "ನೀನು ಹೇಳಿದ್ರೆ ಕೇಳ್ತಾರೆ. ಬಿಂದಿಗೆ ಪಾಠ ನಂದು ಅಂತ ಪರೀಕ್ಷಕರಿಗೆ ಸುಳ್ಳು ಹೇಳಿದ್ದೆ ಕಣಕ್ಕ. ನೀನೇ ಹೋಗ್ಬೇಕು."

ಅಕ್ಕ ನನ್ನ ತಲೆಗೆ ಮೆಲ್ಲಗೆ ಮೊಟಕಿದಳು. ಆಮೇಲೆ ಎದ್ದು ಒಳಗೆ ಹೋಗಿ, ಯಾವ ಸೀರೆ ಉಡುವುದೆಂದು ಬೀರು ತೆಗೆದಳು.

ಅವಳು ಕೆಲಸಕ್ಕೆ ಹಾಜರಾದ ದಿನ ನಾನು ಮನೆಯಲ್ಲೇ ಇದ್ದೆ. ಟಿಇಟಿ ಪರೀಕ್ಷೆಯ ಪುಸ್ತಕ ತೆರೆದಿಟ್ಟುಕೊಂಡು ಒಂದು ಪುಟವನ್ನೂ ತಿರುವಲಿಲ್ಲ. ಅವ್ವನ ಮೇಲೆ ಕಾರಣವಿಲ್ಲದೆ ಎರಡು ಸಲ ಸಿಡುಕಿದೆ. ಸಂಜೆ ಅಕ್ಕನ ಮನೆಗೆ ಹೋಗಬಾರದೆಂದು ಗಟ್ಟಿ ಮಾಡಿಕೊಂಡಿದ್ದವಳು ಐದೂವರೆಗೆಲ್ಲ ಅಲ್ಲಿದ್ದೆ. ಅಕ್ಕ ಆಗಷ್ಟೇ ಬಸ್ಸಿಳಿದು ಬಂದಿದ್ದಳು, ಸೀರೆ ಕೂಡ ಬದಲಾಯಿಸಿರಲಿಲ್ಲ. ಹೇಗಿತ್ತು ಎಂದರೆ ಉತ್ತರವಿಲ್ಲ. ಮುನಿಸೇನೋ ಎಂದುಕೊಂಡೆ. ಭಾವ ಬಿಸಿನೀರಿನ ಲೋಟ ತಂದಿಟ್ಟು, ಬಂದಾಗಿನಿಂದ ಒಂದು ಮಾತೂ ಹೊರಡುತ್ತಿಲ್ಲ ನೋಡು ಎಂದರು. ಅಕ್ಕ ಗಂಟಲು ಹಿಡಿದುಕೊಂಡು ನಕ್ಕಳು. ನಾಲ್ಕು ಬೆರಳು ಎತ್ತಿ ತೋರಿಸಿದಳು. ನಾಲ್ಕು ಪೀರಿಯಡ್ ಪಾಠ ಮಾಡಿ ದನಿಯೇ ಕಟ್ಟಿಹೋಗಿತ್ತು.

ಪಟ್ಟಿಯಲ್ಲಿ ಅವಳ ಹೆಸರನ್ನು ಮೇಲೆ ನೋಡಿದಾಗ ನನಗೆ ಬೇಸರವಾಗಿತ್ತು, ಅಷ್ಟೇ. ಹೊಟ್ಟೆಕಿಚ್ಚಾದದ್ದು ಈಗ. ಆ ಕೆಲಸಕ್ಕಲ್ಲ, ಆ ಗಂಟಲು ನೋವಿಗೆ.