ಮಡಿಲಲ್ಲಿಟ್ಟುಕೊಂಡ ಗಂಟು

ಆಂಬ್ಯುಲೆನ್ಸಿನವರು ಜೇಬು ಸವರುತ್ತಾರೆ ಎಂದು ಯಾರಾದರೂ ಅಂದರೆ ಮರಳೂರಿನ ಪ್ರಮೀಳಾಗೆ ಮೈ ಉರಿಯುತ್ತಿತ್ತು. ಅದಕ್ಕೇ ಆಂಬ್ಯುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಈ ಹೆಂಗಸು ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಗಾಯಾಳುವಿನ ಜೇಬಿನಲ್ಲಿದ್ದ ಮೊಬೈಲು, ಪರ್ಸು, ಕೊನೆಗೆ ಬೀಡಿ ಕಟ್ಟನ್ನೂ ಬಿಡದೆ ಕರವಸ್ತ್ರದಲ್ಲಿ ಗಂಟು ಕಟ್ಟಿ, ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು, ಮನೆಯವರ ಕೈಗೇ ಕೊಡುವಳು. "ಬ್ಯಾಂಕ್ ಲಾಕರ್ ಬಂತು ಕಣ್ರಪ್ಪ" ಎಂದು ಡ್ರೈವರ್ ನಾಗೇಶ್ ರೇಗಿಸಿದರೂ ಬಿಟ್ಟವಳಲ್ಲ.

ಕುಣಿಗಲ್ ಹತ್ತಿರ ಹೆದ್ದಾರಿಯಲ್ಲಿ ಜೀಪು ಮಗುಚಿದ ದಿನವೂ ಹಾಗೇ ಮಾಡಿದಳು. ಜೀಪಿನಲ್ಲಿದ್ದದ್ದು ಪೈಪಿನ ಬೆಸುಗೆಯನ್ನು ವಿಕಿರಣದಿಂದ ಪರೀಕ್ಷಿಸುವ ಪೆಟ್ಟಿಗೆ. ಅದರ ಮೇಲಿನ ಗುರುತು ಕಂಡು ಸೇರಿದ್ದ ಜನ ದೂರ ಓಡಿದರು. ಚೇಳೂರಿನ ಹೆಲ್ಪರ್ ಅಡವಿಯಪ್ಪ ಕಾಲು ಮುರಿದುಕೊಂಡು ರಕ್ತದಲ್ಲಿ ಬಿದ್ದಿದ್ದ. ಪ್ರಮೀಳಾ ಓಡಲಿಲ್ಲ. ಮೊದಲು ಜೀವ ಉಳಿಸಿ, ಕಿರಣ ತಗುಲಿದವನನ್ನು ಮುಟ್ಟಿದರೆ ನಿಮಗೇನೂ ಆಗದು ಎಂದು ತರಬೇತಿಯಲ್ಲಿ ಹೇಳಿದ್ದರು. ಸುಳ್ಳೇನಲ್ಲ. ಆದರೆ ಜೇಬಿನಲ್ಲಿ ಏನಿರಬಹುದೆಂದು ಆ ಮಹಾಶಯರು ಹೇಳಿರಲಿಲ್ಲ.

ಅಂದು ಬೆಳಿಗ್ಗೆ ಕೆಲಸದ ಜಾಗದಲ್ಲಿ ಪೆಟ್ಟಿಗೆಯೊಳಗಿನ ವಿಕಿರಣದ ತುಣುಕು ಕಳಚಿ ಬಿದ್ದಿತ್ತು. ಬೆರಳುದ್ದದ ಹೊಳೆಯುವ ಲೋಹ. ಕೀ ಗೊಂಚಲಿಗಾಗುತ್ತದೆಂದು ಅಡವಿಯಪ್ಪ ಎತ್ತಿಟ್ಟುಕೊಂಡಿದ್ದ. ಪ್ರಮೀಳಾ ಅದನ್ನೂ ಗಂಟಿಗೆ ಸೇರಿಸಿದಳು. ತುಮಕೂರಿನ ಆಸ್ಪತ್ರೆಯಲ್ಲಿ ಅವನ ಹೆಂಡತಿ ಗಂಗಲಕ್ಷ್ಮಮ್ಮನ ಕೈಗಿಟ್ಟು, "ನೋಡ್ಕೊಳಮ್ಮ, ಒಂದೂ ಕಳ್ದಿಲ್ಲ" ಎಂದಳು. ಪಾಪದ ಹೆಂಗಸು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾರ್ಡಿನ ಹೊರಗೆ ಕೂತಳು, ಅಲ್ಲೇ ಮಲಗಿದಳು. ಅಧಿಕಾರಿಗಳು ವಿಕಿರಣ ಅಳೆಯುವ ಯಂತ್ರ ಹಿಡಿದು ಹುಡುಕಿಕೊಂಡು ಬರುವ ಹೊತ್ತಿಗೆ ದಿನಗಳೇ ಕಳೆದಿದ್ದವು.

ಅಡವಿಯಪ್ಪ ಉಳಿಯಲಿಲ್ಲ. ಪ್ರಮೀಳಾಳ ತೊಡೆಯಲ್ಲಿ ಬೊಬ್ಬೆಯೆದ್ದು ಚರ್ಮ ಸುಲಿಯಿತು. ಗಂಗಲಕ್ಷ್ಮಮ್ಮನ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತಿದೆ, ಇನ್ನು ಆಸೆಯಿಲ್ಲ ಎಂದರು ಡಾಕ್ಟರು. ಯಾರೂ ಪ್ರಮೀಳಾಳನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕುಂಟುತ್ತಾ ಹೋಗಿ ಗಂಗಲಕ್ಷ್ಮಮ್ಮನ ಹಾಸಿಗೆಯ ಪಕ್ಕ ನಿಂತಳು. "ಆ ಗಂಟು ಕೊಟ್ಟಿದ್ದು ನಾನೇ ಕಣಮ್ಮ."

"ಗೊತ್ತು ಬುಡವ್ವ." ಗಂಗಲಕ್ಷ್ಮಮ್ಮ ಕಿವಿಯ ಓಲೆ ಬಿಚ್ಚಿದಳು. "ನನ್ ಮಗ್ಳು ಇಂಪನಾಗೆ ತಲುಪ್ಸು. ಇಲ್ಲಿ ನಿನ್ನ ಬಿಟ್ರೆ ಯಾರ್ನ ನಂಬ್ಲಿ."

ಪ್ರಮೀಳಾ ಮಡಿಲ ಮೇಲೆ ಕರವಸ್ತ್ರ ಹಾಸಿ ಓಲೆ ಇಸಿದುಕೊಂಡಳು. ಗಂಟು ಕಟ್ಟಲು ಅವಳಿಗೆ ಕೈ ಬರಲಿಲ್ಲ.