ಉಮದಿಯ ಐತವಾರ, ನಮ್ಮ ಹಿಡಿಅಕ್ಕಿ

ಉಮದಿಗೆ ಬಂದ ಮೊದಲ ಭಾನುವಾರ ನಾವು ಗಂಡಹೆಂಡತಿ ಬೆಳಗ್ಗೆ ಎಂಟಕ್ಕೇ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಬೈಬಲು, ಸಂಗೀತದ ಪುಸ್ತಕ ಹಿಡಿದು, ಬಾಗಿಲಿಗೆ ಬೀಗ ಹಾಕಿ ರಸ್ತೆಗೆ ಇಳಿದೆವು. ಹತ್ತು ಹೆಜ್ಜೆ ನಡೆದ ಮೇಲೆ ಇವರು ನಿಂತರು. ನಾನೂ ನಿಂತೆ. ಎಲ್ಲಿಗೆ ಹೊರಟಿದ್ದೇವೆ? ನಮ್ಮ ಪಾಲಿಗೆ ಈ ಊರಿನಲ್ಲಿ ಹೋಗಿ ಕೂರುವ ಚರ್ಚ್ ಒಂದಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಐವತ್ತು ವರ್ಷದ ಅಭ್ಯಾಸವಿದ್ದ ಕಾಲುಗಳಿಗೆ ಗೊತ್ತಿರಲಿಲ್ಲ. ಆಡುಗಳನ್ನು ಹೊಡೆದುಕೊಂಡು ಎದುರಿಗೆ ಬಂದವನೊಬ್ಬ ನಮ್ಮ ಬಟ್ಟೆ ನೋಡಿ, ಯಾವ ಊರಿನ ಮದುವೆಗೆ ಹೊರಟಿರಿ ಎಂದು ಕೇಳಿದ. ನಾವು ಮನೆಗೆ ವಾಪಸು ಬಂದು ಚಾಪೆ ಹಾಸಿ ಕುಳಿತು ಇಬ್ಬರೇ ಹಾಡಿದೆವು. ಎರಡನೇ ಚರಣಕ್ಕೆ ನಾನು ಪುಸ್ತಕ ಮಡಚಿದೆ. ಇವರು ಒಬ್ಬರೇ ಮುಗಿಸಿದರು, ಇದ್ದ ಅಪಸ್ವರದಲ್ಲೇ.

ಊರಿನ ನಮ್ಮ ಚರ್ಚ್ ಸಭೆಯ ಪತ್ರಿಕೆಗೆ ನಾಲ್ಕು ಮಾತು ಬರೆಯಿರಿ ಎಂದು ನೀವು ಕೇಳಿ ತಿಂಗಳುಗಳಾದವು. ಕಾರ್ಕಳದ ಕಡೆಯಿಂದ ಗಡಿಯಾಚೆಯ ಈ ಜತ್ತ ತಾಲೂಕಿಗೆ ನಾವು ಬಂದದ್ದು ಇವರ ಕೆಲಸದ ದೆಸೆಯಿಂದ. ಇಲ್ಲಿನ ಬೋಳು ದಿಣ್ಣೆಗಳ ಮೇಲೆ ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರಗಳಿವೆ. ಪವನಚಕ್ಕಿ ಎನ್ನುತ್ತಾರೆ. ಅವುಗಳ ದುರಸ್ತಿಯ ಮೇಲ್ವಿಚಾರಣೆ ಇವರದು. ಮಹಾರಾಷ್ಟ್ರ ಎಂದ ಕೂಡಲೇ ನಾನು ಮರಾಠಿ ಕಲಿಸುವ ಪುಸ್ತಕ ಕೊಂಡಿದ್ದೆ. ಬಂದು ನೋಡಿದರೆ ಬಸ್ಸಿನ ಬೋರ್ಡು ಮರಾಠಿ, ಬಸ್ಸಿನೊಳಗೆ ಸೀಟಿಗಾಗಿ ಜಗಳ ಕನ್ನಡದಲ್ಲಿ. ಮನೆಯಲ್ಲಿ ಕನ್ನಡ, ಪಂಚಾಯತಿಯ ಕಾಗದ ಮರಾಠಿ. ಸರ್ಟಿಫಿಕೇಟಿಗೆ ‘ದಾಖಲಾ’, ಬಾಡಿಗೆಯ ಒಪ್ಪಂದಕ್ಕೆ ‘ಭಾಡೆಕರಾರ’. ಇಲ್ಲಿಯ ಕನ್ನಡವೂ ನನಗೆ ಅರ್ಧವೇ ತಿಳಿಯುತ್ತಿತ್ತು. ಇನ್ನು ನನ್ನ ಕನ್ನಡವೋ, ನಮ್ಮ ಮನೆಯ ಮಾಲಕರ ಮಾತಿನಲ್ಲಿ ಹೇಳುವುದಾದರೆ, ಸಾಲಿ ಪಾಠ ಓದಿ ಒಪ್ಪಿಸಿದಂತೆ.

ಮಾಲಕರ ಹೆಸರು ಮಲ್ಲಣ್ಣ. ಕಿರಾಣಿ ಅಂಗಡಿಯವರು, ಹಣೆಗೆ ವಿಭೂತಿ ಇಲ್ಲದೆ ಗಲ್ಲೆಯ ಮೇಲೆ ಕೂರುವವರಲ್ಲ. ಅವರ ತಾಯಿ ಗುರವ್ವ. ಅವರ ಮನೆಗೆ ಹೊಂದಿಕೊಂಡ ಎರಡು ಕೋಣೆ, ಒಂದು ಅಡುಗೆಮನೆ ನಮಗೆ. ಊರಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರು. ಇಲ್ಲಿ ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಇದ್ದ ಪಾತ್ರೆಗಳೆಲ್ಲ, ಚಹಾದ ಲೋಟ ಕೂಡ, ತುಂಬಬೇಕು. ಊರಲ್ಲಿ ತೊಳೆದ ಬಟ್ಟೆ ಮೂರು ದಿನ ಒಣಗದು. ಇಲ್ಲಿ ಎರಡನೆಯದನ್ನು ಹಿಂಡುವಷ್ಟರಲ್ಲಿ ಮೊದಲನೆಯದು ಹಪ್ಪಳ. ಕುಚ್ಚಲಕ್ಕಿ ಸಿಗುವುದಿಲ್ಲ. ಮಲ್ಲಣ್ಣನವರ ಅಂಗಡಿಯ ತೆಳು ಅಕ್ಕಿಯ ಗಂಜಿ ಮಾಡಿದ ದಿನ ಇವರು ತುತ್ತು ಬಾಯಿಗಿಟ್ಟು, ನನಗೆ ಜ್ವರವೇನೂ ಬಂದಿಲ್ಲವಲ್ಲ ಎಂದರು. ಜೋಳದ ರೊಟ್ಟಿ ಬಡಿಯುವುದನ್ನು ನಾನು ಕಲಿಯಲು ಐದು ತಿಂಗಳು ಹಿಡಿಯಿತು. ಮೊದಮೊದಲು ಅದು ಗೋವಾದ ನಕಾಶೆಯಂತೆ ಬರುತ್ತಿತ್ತು, ಈಗ ಹೆಚ್ಚುಕಡಿಮೆ ದುಂಡಗಿದೆ.

ನಾಲ್ಕನೇ ತಿಂಗಳಿಗೆ ನಮಗೆ ಜೊತೆ ಸಿಕ್ಕಿತು. ಇವರ ಕೈಕೆಳಗಿನ ಮೆಕ್ಯಾನಿಕ್ ದಾನಿಯೇಲ ಮತ್ತು ಅವನ ಹೆಂಡತಿ ರೂತ್, ಮರಾಠಿ ಕ್ರೈಸ್ತರು, ಇದೇ ತಾಲೂಕಿನ ಮುಚ್ಚಂಡಿಯಲ್ಲಿ ಮನೆ ಮಾಡಿದ್ದರು. ಭಾನುವಾರ ಬೈಕಿನಲ್ಲಿ ಬರತೊಡಗಿದರು. ನಾವು ಆರಾಧನೆ ಎನ್ನುವುದಕ್ಕೆ ಅವರು ಉಪಾಸನಾ ಎನ್ನುತ್ತಾರೆ. ಒಂದು ಹಾಡು ಅವರದು, ಒಂದು ನಮ್ಮದು. ಓದುವ ಭಾಗವನ್ನು ಎರಡು ಭಾಷೆಯಲ್ಲೂ ಓದುತ್ತೇವೆ. ಬೋಧನೆ ಯಾರದೂ ಇಲ್ಲ, ಅದೊಂದು ಸುಖ. ಆಮೇಲೆ ಚಹಾ, ಚುರುಮುರಿ. ನಾಲ್ವರ ಈ ಸಭೆ ಇಷ್ಟು ಬೇಗ ನನ್ನ ವಾರದ ಬೆನ್ನೆಲುಬಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಇನ್ನು ಹಿಡಿಅಕ್ಕಿಯ ವಿಷಯ. ನಿಮಗೆ ಹೇಳುವುದೇ ಬೇಡ. ಎರಡು ಹೊತ್ತೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ಬೇರೆ ತೆಗೆದು ಡಬ್ಬಿಗೆ ಹಾಕುವುದು, ತಿಂಗಳಿಗೊಮ್ಮೆ ಸ್ತ್ರೀಸಮಾಜಕ್ಕೆ ಒಪ್ಪಿಸುವುದು. ಅತ್ತೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ಇಲ್ಲಿಗೆ ಬಂದ ಮೇಲೂ ಕೈ ಬಿಡಲಿಲ್ಲ. ಆದರೆ ಒಪ್ಪಿಸುವುದು ಎಲ್ಲಿಗೆ? ಡಬ್ಬಿ ತುಂಬಿ, ಇನ್ನೊಂದು ಡಬ್ಬಿಯೂ ತುಂಬಿ, ಅಕ್ಕಿಗೆ ಹುಳ ಹತ್ತುವ ಹೆದರಿಕೆ. ಆಗ ನಮ್ಮ ಓಣಿಯ ತುದಿಯ ಲಕ್ಕವ್ವ, ಗಂಡನೊಂದಿಗೆ ಕಬ್ಬು ಕಡಿಯಲು ಹೋದವಳು, ಕೈಯಲ್ಲಿ ಎಳೆಕೂಸು ಹಿಡಿದು ಮರಳಿ ಬಂದಳು. ಮನೆಯಲ್ಲಿ ಒಂದು ಕಾಳೂ ಇರಲಿಲ್ಲ. ನಾನು ಎರಡೂ ಡಬ್ಬಿಯನ್ನು ಅವಳ ಚೀಲಕ್ಕೆ ಸುರಿದೆ. ಇಷ್ಟೊಂದು ಯಾಕೆ ಎಂದು ಅವಳು ಸಂಕೋಚಪಟ್ಟಾಗ, ಇದು ದೇವರಿಗೆಂದು ಎತ್ತಿಟ್ಟ ಅಕ್ಕಿ, ಬೇಡ ಅನ್ನಬಾರದು ಎಂದೆ. ಊರಲ್ಲಿ ನಾವು ಹೇಳುವ ಮಾತೇ.

ತಪ್ಪಿದ್ದು ಅಲ್ಲಿ. ಲಕ್ಕವ್ವ ಪಾಪ ಖುಷಿಯಿಂದಲೇ ನಳದ ಸಾಲಿನಲ್ಲಿ ಹೇಳಿದಳು, ಕಿರಿಸ್ತಾನರ ಬಾಯಿ ತಮ್ಮ ದೇವರ ಅಕ್ಕಿ ಕೊಟ್ಟಳು ಎಂದು. ಬಾಯಿ ಎಂದರೆ ಇಲ್ಲಿ ಹೆಂಗಸು. ಮತಾಂತರ ತಡೆಯುವ ಕಾನೂನಿನ ಸುದ್ದಿ ಟಿವಿಯಲ್ಲಿ, ಮೊಬೈಲಿನಲ್ಲಿ ದಿನಾ ಓಡುತ್ತಿದ್ದ ಕಾಲ. ಎಲ್ಲೋ ಪ್ರಾರ್ಥನೆ ನಿಲ್ಲಿಸಿದರಂತೆ ಎಂಬ ಸುದ್ದಿಯನ್ನು ನಾನೂ ಚಹಾ ಕುಡಿಯುತ್ತ ಓದಿ ಪುಟ ತಿರುಗಿಸಿದವಳೇ. ಮೂರು ದಿನದಲ್ಲಿ ಆ ಸುದ್ದಿ ನಮ್ಮ ಹೊಸ್ತಿಲಿಗೆ ಬಂತು. ಅಕ್ಕಿ ಹಂಚಿ ಮಂದಿಯನ್ನು ಸೆಳೆಯುತ್ತಿದ್ದಾರೆ, ಐತವಾರ ಹೊರಗಿನವರು ಬೈಕಿನಲ್ಲಿ ಬರುತ್ತಾರೆ ಎಂದು ಊರಿನ ಇಬ್ಬರು ತರುಣರು ಮಲ್ಲಣ್ಣನವರ ಅಂಗಡಿಯ ಮುಂದೆ ನಿಂತು ಹೇಳಿ ಹೋದರಂತೆ.

ಬುಧವಾರ ಮಲ್ಲಣ್ಣ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ಬಾಯಾರ, ನೀವು ಚಲೋ ಮಂದಿ. ನನಗ ಗೊತ್ತೈತಿ. ಆದ್ರ ನಾ ಅಂಗಡಿ ನಡಸಾಂವ. ಐತವಾರದ ಪ್ರಾರ್ಥನಾ ಬಂದ್ ಮಾಡ್ರಿ. ಇಲ್ಲಂದ್ರ ಬ್ಯಾರೆ ಮನಿ ನೋಡ್ಕೊಳ್ರಿ. ಈ ಐತವಾರದೊಳಗ ಏನಂತ ಹೇಳ್ರಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುವುದು ಸುಲಭವಿತ್ತು.

ಆ ರಾತ್ರಿ ಇವರು, ಸ್ವಲ್ಪ ದಿನ ನಿಲ್ಲಿಸೋಣ, ದೇವರಿಗೇನು ಮನಸ್ಸಿನಲ್ಲಿ ಪ್ರಾರ್ಥಿಸಿದರೂ ಕೇಳುತ್ತದೆ ಎಂದರು. ಇವರು ಹೇಳಿದ್ದರಲ್ಲಿ ತಪ್ಪಿಲ್ಲ. ಪಕ್ಕದ ಮನೆಯ ಮೆಹಬೂಬಿಯೂ ಮರುದಿನ ಅದೇ ಧಾಟಿಯಲ್ಲಿ ಹೇಳಿದಳು. ಅವಳು ಬಟ್ಟೆ ಹೊಲಿಯುವವಳು, ನನಗೆ ಇಲ್ಲಿ ಮೊದಲು ಸಿಕ್ಕ ಗೆಳತಿ. ಮಷಿನ್ನಿನ ಗಾಲಿಯಿಂದ ಕೈ ತೆಗೆಯದೆ ನನಗೆ ಬುದ್ಧಿ ಹೇಳಿದಳು.

“ಪ್ರೇಮಕ್ಕಾ, ಬಾಗಲಾ ಹಾಕ್ಕೊಂಡು ಮೆಲ್ಲಕ ಮಾಡ್ರಿ. ಹಾಡೂದು ಬ್ಯಾಡ. ಇದ್ದೂ ಇಲ್ಲದಂಗ ಇರೂದು ಕಲೀಬೇಕು ನಾವು.”

ನಾವು ಎಂದಳಲ್ಲ, ಆ ಮಾತು ನನ್ನನ್ನು ತಟ್ಟಿತು. ಅವಳ ಅನುಭವ ನನ್ನದಕ್ಕಿಂತ ದೊಡ್ಡದು. ಆದರೂ ಮುಚ್ಚಿದ ಬಾಗಿಲು ನೋಡಿದರೆ ನನಗೇ ಅನುಮಾನ ಬರುತ್ತದೆ, ಇನ್ನು ಊರವರಿಗೆ ಬಾರದೆ ಇದ್ದೀತೇ? ಇನ್ನೊಂದು ಮಾತನ್ನು ನಮ್ಮೊಳಗೇ ಹೇಳಿಕೊಳ್ಳಬೇಕು. ಕೊಡುವಾಗ ಎಷ್ಟು ತಲೆ ನಮ್ಮ ಕಡೆ ತಿರುಗಿದವು ಎಂದು ನೋಡುವವರು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಎದೆಮುಟ್ಟಿ ಹೇಳಲು ನನ್ನಿಂದಾಗದು. ಊರವರ ಹೆದರಿಕೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಾಗೆಂದು ನಾನು ಮಾಡದ ತಪ್ಪಿಗೆ ನನ್ನ ಬಾಗಿಲು ಯಾಕೆ ಮುಚ್ಚಲಿ?

ಶುಕ್ರವಾರ ಬೆಳಗ್ಗೆ ಖಾಲಿ ಡಬ್ಬಿ ಹಿಡಿದುಕೊಂಡು ಗುರವ್ವನವರ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಡಬ್ಬಿ ಮುಂದಿಟ್ಟು, ನಾವು ಹೇಗೆ ಅಕ್ಕಿ ತೆಗೆಯುತ್ತೇವೆ, ಯಾಕೆ ತೆಗೆಯುತ್ತೇವೆ, ಊರಲ್ಲಿ ಅದು ಎಲ್ಲಿಗೆ ಹೋಗುತ್ತದೆ, ಲಕ್ಕವ್ವನಿಗೆ ಏನು ಹೇಳಿದೆ, ಎಲ್ಲ ಹೇಳಿದೆ. ಅವರು ತವೆಯ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚಿ ಹಾಕಿದರು. ಆಮೇಲೆ ಮೂಲೆಯಲ್ಲಿದ್ದ ಒಂದು ಸಣ್ಣ ಬುಟ್ಟಿಯ ಕಡೆ ಗದ್ದ ತೋರಿಸಿದರು. ಅದರಲ್ಲಿ ಜೋಳದ ಹಿಟ್ಟಿತ್ತು. ದಿನಾ ಹಿಟ್ಟು ನಾದುವ ಮೊದಲು ಒಂದು ಹಿಡಿ ತೆಗೆದಿಡುತ್ತಾರಂತೆ. ಸೋಮವಾರ ಜೋಳಿಗೆ ಹಿಡಿದು ಭಿಕ್ಷೆಗೆ ಬರುವ ಅಯ್ಯನವರಿಗೆ.

ನನಗೆ ಕಣ್ಣು ತುಂಬಿತು. ಅವರಿಗೆ ತುಂಬಲಿಲ್ಲ.

“ತಗದದ್ದು ಖರೆ, ಕೊಟ್ಟದ್ದೂ ಚಲೋ ಆತು” ಎಂದರು. “ಯಾರ ದೇವರದು ಅಂತ ಯಾಕ ಹೇಳಾಕ ಹೋದಿ? ಆಕಿ ಕೇಳಿದ್ಲೇನು? ಹಸದಾಕಿಗೆ ಅಕ್ಕಿ ಬೇಕಾಗಿತ್ತು. ನೀ ಅಕ್ಕಿ ಜೋಡಿ ನಿನ್ನ ದೇವರ ಚೀಟಿನೂ ಕಟ್ಟಿ ಕೊಟ್ಟಿ.”

ಕೊಟ್ಟದ್ದನ್ನು ಸಾರಬಾರದು ಎಂದು ನಮ್ಮ ಚರ್ಚಿನ ಪೀಠದಿಂದ ಪ್ರತಿವರ್ಷ ಕೇಳಿದ್ದೇನೆ, ತಲೆದೂಗಿದ್ದೇನೆ. ಅದು ನನಗೇ ಹೇಳಿದ್ದು ಎಂದು ಗೊತ್ತಾದದ್ದು ಆ ಒಲೆಯ ಮುಂದೆ. ತಪ್ಪಾಯಿತು ಎಂದೆ. ಹಾಗಾದರೆ ಪ್ರಾರ್ಥನೆ? ಅದು ಮಗನ ಮಾತು, ಅವನಿಗೇ ಉತ್ತರ ಕೊಡು ಎಂದು ಬಿಸಿ ರೊಟ್ಟಿಯೊಂದನ್ನು ನನ್ನ ಡಬ್ಬಿಯ ಮುಚ್ಚಳದ ಮೇಲಿಟ್ಟು ಕಳಿಸಿದರು. ಮನೆಗೆ ಬಂದ ಮೇಲೆ ಹೊಳೆಯಿತು, ಆವತ್ತು ಮೊದಲ ಬಾರಿಗೆ ಅವರು ನನಗೆ ಗೌರವದ ‘ರಿ’ ಹಚ್ಚಿರಲಿಲ್ಲ.

ಶನಿವಾರ ಅಂಗಡಿಗೆ ಹೋದೆ. ಗಿರಾಕಿಗಳು ಇಬ್ಬರಿದ್ದರು. ಅವರು ಹೋಗಲಿ ಎಂದು ಕಾಯಲಿಲ್ಲ, ಕೇಳಿಸಿಕೊಳ್ಳಲಿ ಎಂದೇ ಹೇಳಿದೆ.

“ಮಲ್ಲಣ್ಣನವರೇ, ಅಕ್ಕಿ ಕೊಡುವಾಗ ನಾನು ಹೇಳಿದ್ದು ತಪ್ಪು. ಇನ್ನು ಹೇಳುವುದಿಲ್ಲ. ಪ್ರಾರ್ಥನೆ ನಿಲ್ಲಿಸುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಯಾರು ಬೇಕಾದರೂ ಬಂದು ನೋಡಬಹುದು. ಮನೆ ಬಿಡಿ ಎಂದರೆ ಬಿಡುತ್ತೇವೆ, ಆದರೆ ಈ ಊರಲ್ಲೇ ಇನ್ನೊಂದು ಮನೆ ಹುಡುಕುತ್ತೇವೆ.”

ಮಲ್ಲಣ್ಣ ತಕ್ಕಡಿಯ ತಟ್ಟೆಯನ್ನು ಒರೆಸಿದರು. ಮತ್ತೂ ಒರೆಸಿದರು. “ಪಾಠ ಚಲೋ ಒಪ್ಪಿಸಿದ್ರಿ” ಎಂದಷ್ಟೇ ಹೇಳಿ ಗಿರಾಕಿಯ ಕಡೆ ತಿರುಗಿದರು. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ.

ಭಾನುವಾರ ದಾನಿಯೇಲ, ರೂತ್ ಬಂದರು. ಬರಬೇಡಿ ಎಂದು ಇವರು ಫೋನ್ ಮಾಡಿದ್ದರಂತೆ, ಅವರು ಕೇಳಲಿಲ್ಲ. ಎರಡೂ ಕದ ತೆರೆದಿಟ್ಟು ಚಾಪೆ ಹಾಸಿದೆವು. ಮೊದಲ ಹಾಡು ಶುರುವಾಗುವಾಗ ಹೊರಗಿನ ಕಟ್ಟೆಯ ಮೇಲೆ ಯಾರೋ ಕುಳಿತ ಸದ್ದು. ಗುರವ್ವ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು, ಕಾಲು ಚಾಚಿ, ಹರಳು ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಆ ಇಬ್ಬರು ತರುಣರು ಓಣಿಯಲ್ಲಿ ಬಂದು ನಿಂತರು. ನನಗೆ ಹಾಡಿನ ಸಾಲು ತಪ್ಪಿತು.

“ಏನಪಾ, ಏನ ನೋಡಾಕತ್ತೀರಿ?” ಗುರವ್ವ ಕೇಳಿದರು.

ಅಕ್ಕಿ ಹಂಚುತ್ತಾರಂತಲ್ಲ ಆಯಿ, ಅದಕ್ಕೆ ಬಂದೆವು ಎಂದ ಒಬ್ಬ.

“ಅಕ್ಕಿ ನಮ್ಮ ಮಲ್ಲ್ಯಾನ ಅಂಗಡೀದು. ದಿನಾ ನೀವೂ ಅದನ್ನ ಉಣ್ತೀರಿ. ನೀವು ಯಾವಾಗ ಕಿರಿಸ್ತಾನರಾದ್ರಿ?”

ಇನ್ನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಮೊದಲನೆಯವನು ನಗಲಿಲ್ಲ. ಮೊಬೈಲು ತೆಗೆದು ನಮ್ಮ ಕಡೆ ಹಿಡಿದು ಚಿತ್ರ ತೆಗೆದುಕೊಂಡ, ಆಮೇಲೆ ಹೋದ. ಆ ಚಿತ್ರ ಎಲ್ಲಿಗೆ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಗುರವ್ವ ಚಹಾ ಕುಡಿಯುತ್ತ, ಇಷ್ಟೇ ಏನು ನಿಮ್ಮದು, ನಮ್ಮ ಭಜನೆಗೆ ತಾಳವಾದರೂ ಇರುತ್ತದೆ ಎಂದು ರೂತ್‌ಳನ್ನು ಛೇಡಿಸಿದರು. ಅದನ್ನು ನಾನು ಮರಾಠಿ ಮಾಡಿ ಹೇಳಿದೆ. ಮುಂದಿನ ವಾರ ರೂತ್ ಒಂದು ಜೊತೆ ತಾಳ ತಂದಳು.

ಮಲ್ಲಣ್ಣ ಮನೆ ಬಿಡಿ ಎಂದು ಮತ್ತೆ ಹೇಳಲಿಲ್ಲ, ಇರಿ ಎಂದೂ ಹೇಳಿಲ್ಲ. ಭಾಡೆಕರಾರದ ಹನ್ನೊಂದು ತಿಂಗಳು ಮುಗಿದು ಹೊಸದು ಬರೆಯುವುದು ಇನ್ನೂ ಬಾಕಿ ಇದೆ. ಹಿಡಿಅಕ್ಕಿ ತೆಗೆಯುವುದು ನಡೆದಿದೆ. ಡಬ್ಬಿ ತುಂಬಿದಾಗ ಗುರವ್ವ ಒಯ್ಯುತ್ತಾರೆ, ಯಾರಿಗೆ ಕೊಟ್ಟರೆಂದು ನಾನು ಕೇಳುವುದಿಲ್ಲ. ನಮ್ಮ ಸಭೆಗೆ ಸಲ್ಲಬೇಕಾದದ್ದು ಹೀಗೆ ಹೋಗುತ್ತಿದೆ ಎಂದು ಸ್ತ್ರೀಸಮಾಜದವರಿಗೆ ಬೇಸರವಾದೀತು. ಆಗಲಿ, ಹೇಳಿಬಿಟ್ಟಿದ್ದೇನೆ.

ಮೇ ತಿಂಗಳಲ್ಲಿ ನಾವು ಊರಿಗೆ ಬಂದಿದ್ದೆವಲ್ಲ, ಆಗ ನಮ್ಮ ಮನೆಯ ಬೀಗದ ಕೈ ಗುರವ್ವನವರಲ್ಲಿ ಬಿಟ್ಟು ಬಂದಿದ್ದೆ. ಕೊಡುವಾಗ ಐತವಾರದ ಮಾತೆತ್ತಲು ನನಗೆ ಧೈರ್ಯವಾಗಲಿಲ್ಲ. ಆ ಭಾನುವಾರ ನಮ್ಮ ದೊಡ್ಡ ದೇವಾಲಯದಲ್ಲಿ ನಿಮ್ಮೆಲ್ಲರ ನಡುವೆ ನಿಂತಿದ್ದೆ. ಆರ್ಗನ್ನಿನ ದನಿ ಎದೆಗೆ ಬಡಿಯುತ್ತಿತ್ತು. ಎಷ್ಟು ದಿನದಿಂದ ಇದಕ್ಕಾಗಿ ಹಂಬಲಿಸಿದ್ದೆ. ಆದರೂ ಮೊದಲ ಹಾಡು ಮುಗಿಯುತ್ತಲೇ ಫೋನ್ ಹಿಡಿದು ಹೊರಗೆ ಬಂದೆ. ಕೆಲವರು ನೋಡಿದಿರಿ, ಏನಾಯಿತು ಪ್ರೇಮಾ ಎಂದು ಆಮೇಲೆ ಕೇಳಿದಿರಿ. ಏನೂ ಇಲ್ಲ ಎಂದಿದ್ದೆ. ಆದದ್ದು ಇಷ್ಟು.

ಗುರವ್ವ ಫೋನ್ ಎತ್ತಿದರು. “ಬಾಗಲಾ ತಗದೀನಿ. ನಿಮ್ಮ ಮಂದಿ ಬಂದಾರ. ಚಾಪಿ ಎಲ್ಲಿ ಇಟ್ಟೀಯಂತ ಸಿಗಲಿಲ್ಲ, ನಮ್ಮ ಜಮಖಾನಿ ಹಾಸೀನಿ.”

“ಮಲ್ಲಣ್ಣನವರು ಏನೂ ಅನ್ನಲಿಲ್ಲವೇ ಅವ್ವಾರೇ?”

“ಅಂವ ಏನಂತಾನ. ಕೀಲಿ ನನ್ನ ಕಡೆ ಐತಿ.” ಆಮೇಲೆ, ನೀನೇ ಕೇಳು ಎಂದು ಫೋನನ್ನು ಕೋಣೆಯ ಕಡೆ ಹಿಡಿದರು.

ಒಂದು ಕಿವಿಗೆ ರೂತ್‌ಳ ತೆಳು ಸ್ವರ, ದಾನಿಯೇಲ ತಪ್ಪಾಗಿ ತಟ್ಟುವ ತಾಳ. ಇನ್ನೊಂದು ಕಿವಿಗೆ ದೇವಾಲಯದೊಳಗಿಂದ ನಿಮ್ಮೆಲ್ಲರ ಎರಡನೇ ಹಾಡು. ಒಳಗೆ ಬರಬೇಕು ಅನ್ನಿಸಿತು, ಫೋನ್ ಇಡಲು ಮನಸ್ಸು ಬರಲಿಲ್ಲ. ಎರಡೂ ಹಾಡು ಮುಗಿಯುವವರೆಗೆ ಅಂಗಳದಲ್ಲಿ ಚಪ್ಪಲಿಗಳ ಸಾಲಿನ ಹತ್ತಿರ ಹಾಗೆಯೇ ನಿಂತುಕೊಂಡೆ.