ನಾನು ತೊಳೆದ ಶಿಲುಬೆ

ಕೊಲ್ಲಿ ದೇಶದ ಫೈಲಕಾ ದ್ವೀಪದ ಹಳೇ ಇಗರ್ಜಿಯ ಗೋಡೆಯಲ್ಲಿದ್ದ ಶಿಲುಬೆಯನ್ನು ಹಾಳು ಮಾಡಿದ್ದು ನಾನು. ನೀನಲ್ಲ, ಹಮೀದ್. ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ.

ನೀನು ಅಲ್ಲಿ ಕಾವಲಿಗಿದ್ದೆ, ನಾನು ಹಳೇ ಕಾಲದ ಅವಶೇಷ ಹುಡುಕಿ ಅಗೆಯುವವರಿಗೆ ಅಡುಗೆ ಮಾಡುತ್ತಿದ್ದೆ. ಮರಳಿನಡಿಯಿಂದ ಮೊಣಕಾಲೆತ್ತರದ ಗೋಡೆ ಎದ್ದು ಬಂದಿತ್ತು, ಅದರಲ್ಲಿ ಅಂಗೈಯಗಲದ ಗಾರೆ ಶಿಲುಬೆ. ಸಾವಿರ ವರ್ಷಕ್ಕೂ ಹಳೆಯದಂತೆ. ನನಗೆ ಕಂಡದ್ದು ಅದರ ಮೇಲಿನ ಕೊಳೆ. ನಮ್ಮೂರಲ್ಲಿ ಹಬ್ಬಕ್ಕೆ ಮೊದಲು ನಾವು ಹೆಂಗಸರು ದಾರಿಬದಿಯ ಶಿಲುಬೆಯನ್ನು ಸೋಪು ಹಾಕಿ ಉಜ್ಜಿ ತೊಳೆಯುತ್ತೇವೆ, ಆಮೇಲೆ ಹೂ. ಕ್ರಿಸ್ಮಸ್ ಹತ್ತಿರ ಬಂದಿತ್ತು.

"ಒಳಗೆ ಬಿಡು ಮಾರಾಯ, ಪ್ರಾರ್ಥನೆ ಮಾಡಿ ಬರ್ತೇನೆ" ಎಂದೆ.

"ಬೇಗ ಬನ್ನಿ ಬಾಯಮ್ಮ. ನಿಮ್ಮ ದೇವರಿಗೂ ಸ್ವಲ್ಪ ಮಾತಾಡ್ಲಿಕ್ಕೆ ಬಿಡಿ" ಎಂದು ನೀನು ನಗಾಡಿ ಅಡ್ಡ ಕಟ್ಟಿದ್ದ ಹಗ್ಗ ಎತ್ತಿದೆ. ಚೀಲದಲ್ಲಿ ಸೋಪುನೀರು, ಪಾತ್ರೆ ತಿಕ್ಕುವ ಬ್ರಷ್ಷು ಇದ್ದದ್ದನ್ನು ನಿನಗೆ ಹೇಳಲಿಲ್ಲ.

ಉಜ್ಜಿದೆ. ಗಾರೆ ಹಿಟ್ಟಿನ ಹಾಗೆ ಕೈಗೆ ಬಂತು. ಇನ್ನೂ ಸ್ವಲ್ಪ ಉಜ್ಜಿದರೆ ಸಮ ಆದೀತು ಅಂತ— ಆಗಲಿಲ್ಲ. ಶಿಲುಬೆಯ ಒಂದು ತೋಳು ಪೂರ್ತಿ ಹೋಯಿತು.

ಮರುದಿನ ಅಗೆತದ ಸಾಹೇಬರು ಎಲ್ಲರನ್ನೂ ನಿಲ್ಲಿಸಿ, ಒಳಗೆ ಯಾರು ಹೋಗಿದ್ದರು ಎಂದು ಕೇಳಿದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನೀನು ನನ್ನ ಕಡೆ ನೋಡಲೇ ಇಲ್ಲ.

"ಕೋಯಿ ನಹೀ, ಸಾಬ್."

ನಾನೇ ಹೇಳಲಿ ಅಂತ ಕಾದೆಯೋ ಏನೋ— ನಾನು ಚಹಾ ಹಂಚಿದೆ.

ಯಾರೂ ಹೋಗಿಲ್ಲವಾದರೆ ನೀನೇ ಎಂದರು. ಖಲಾಸ್. ಅಲ್ಲಿ ಇರಲು ಕೊಟ್ಟ ನಿನ್ನ ಪರವಾನಗಿ, ಇಕಾಮಾ, ರದ್ದಾಯಿತು. ಊರಿಗೆ ಹೊರಟು ದೋಣಿ ಹತ್ತುವಾಗ ಇಷ್ಟೇ ಹೇಳಿದೆ: "ಬಾಯಮ್ಮ, ಬಂಟ್ವಾಳದಲ್ಲಿ ನಮ್ಮ ಮನೆ ಎದುರೂ ಒಂದು ಶಿಲುಬೆ ಉಂಟು. ಹಬ್ಬಕ್ಕೆ ತೊಳಿಯುದು ನಾನು ನೋಡಿದ್ದೇನೆ."

ನಿನಗೆ ಗೊತ್ತಿತ್ತು.

ಕೆಲಸ ಹೋದದ್ದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಪಟ್ಟಣದ ಕಡೆ, ಫರ್ವಾನಿಯಾದ ನಮ್ಮ ಪ್ರಾರ್ಥನೆ ಕೂಟದಲ್ಲಿ ಒಬ್ಬಳು, "ಬ್ಯಾರಿ ಅಲ್ವಾ, ಮುಸಲ್ಮಾನ, ಬೇಕಂತಲೇ ಕೆರೆದದ್ದು" ಎಂದಳು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಅದು ಊರಿಗೂ ಮುಟ್ಟಿತು. ಶಿಲುಬೆ ಕೆರೆದವನು ಎಂಬ ಹೆಸರು ನಿನ್ನ ಬೆನ್ನು ಬಿಡಲಿಲ್ಲವಂತೆ.

ಹೋದ ತಿಂಗಳು ನೀನು ತೀರಿಕೊಂಡೆ ಎಂದು ಕೇಳಿದೆ. ಈಗ ಬರೆಯುತ್ತಿದ್ದೇನೆ. ಇದಕ್ಕೆ ಧೈರ್ಯ ಅನ್ನುವುದಿಲ್ಲ.

ಶುಕ್ರವಾರ ಅದೇ ಹೆಂಗಸರು ಸೇರುತ್ತಾರೆ. ಚಹಾ ಬರುವ ಮೊದಲೇ ಎದ್ದು ನಿಂತು ಹೇಳುತ್ತೇನೆ. ಆಮೇಲೆ ನಿನ್ನ ಹೆಂಡತಿಗೆ ಫೋನು. ಬೈದರೆ ಕೇಳುತ್ತೇನೆ. ಅರ್ಧಕ್ಕೇ ಇಟ್ಟುಬಿಟ್ಟರೆ— ಇನ್ನೊಮ್ಮೆ ಮಾಡುತ್ತೇನೆ.